ಬೆದೆಗೆ ಬಂದ ಹಸು, ರಸ್ತೆಗೆ ಬಂದ ಜಿಂಕೆ

ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಆದರೆ ಆಸ್ಪತ್ರೆಗಿಂತ ಬೈಕಿನ ಮೇಲೆ ಇರುವುದೇ ಜಾಸ್ತಿ. ಹಿಂದಿನ ಸೀಟಿಗೆ ದ್ರವ ನೈಟ್ರೋಜನ್ ಜಾರ್ ಕಟ್ಟಿಕೊಂಡು ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿ ಸುತ್ತುತ್ತೇನೆ. ಜಾರಿನೊಳಗೆ ಮೈನಸ್ 196 ಡಿಗ್ರಿ ಚಳಿಯಲ್ಲಿ ಹೋರಿಯ ವೀರ್ಯ ತುಂಬಿದ ಸಣ್ಣ ಕೊಳವೆಗಳು, ಅಂದರೆ ಸ್ಟ್ರಾಗಳು ಇರುತ್ತವೆ. ಮಂಗಲ, ಎಲಚೆಟ್ಟಿ, ಕಣಿಯನಪುರ ಕಡೆಯಿಂದ ಫೋನ್ ಬರುತ್ತದೆ. ಎಲ್ಲವೂ ಬಂಡೀಪುರ ಕಾಡಿನ ಅಂಚಿನ ಊರುಗಳು. "ಸಾ, ಹಸ ಬೆದೆಗೆ ಬಂದದ, ಬಿರ್ನೆ ಬನ್ನಿ." ಅಷ್ಟೇ ಮಾತು.

ಈ ಕೆಲಸಕ್ಕೆ ಒಂದು ಹಳೇ ಲೆಕ್ಕ ಇದೆ. ಬೆಳಗ್ಗೆ ಬೆದೆ ಕಂಡರೆ ಅವತ್ತು ಸಂಜೆ ಸೂಜಿ, ಅಂದರೆ ಕೃತಕ ಗರ್ಭಧಾರಣೆ; ಸಂಜೆ ಕಂಡರೆ ಮರುದಿನ ಬೆಳಗ್ಗೆ. ಅಂದರೆ ನಾನು ರಸ್ತೆಯಲ್ಲಿರುವುದು ಬೆಳಕು ಹರಿಯುವಾಗ, ಇಲ್ಲವೇ ಹೊತ್ತು ಮುಳುಗುವಾಗ. ಜಿಂಕೆ, ಕಾಡುಹಂದಿ, ಆನೆ ರಸ್ತೆ ದಾಟುವುದೂ ಹೆಚ್ಚಾಗಿ ಅದೇ ಹೊತ್ತಿನಲ್ಲಿ. ನಮ್ಮಿಬ್ಬರ ಡ್ಯೂಟಿ ಟೈಮ್ ಒಂದೇ. ಇದು ನನಗೆ ಹೊಳೆದದ್ದು ಬಿದ್ದ ಮೇಲೆ.

ಯುಗಾದಿ ಮುಗಿದು ಒಂದು ವಾರ ಆಗಿತ್ತು. ಸಂಜೆ ಆರೂವರೆ. ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ದಾಟಿ ಊಟಿ ರಸ್ತೆಯಲ್ಲಿ ಹೋಗುತ್ತಿದ್ದೆ. ಎಡಗಡೆಯಿಂದ ಒಂದು ಹೆಣ್ಣು ಜಿಂಕೆ ಬಂತು. ಬ್ರೇಕ್ ಹಿಡಿದೆ, ಅದು ದಾಟಿತು. ಬಲಗಡೆ ಪೊದೆಯೊಳಗೆ ಹೋಗುವವರೆಗೂ ಅದನ್ನೇ ನೋಡುತ್ತಾ ಗೇರ್ ಬದಲಿಸಿ ಮತ್ತೆ ವೇಗ ಏರಿಸಿದೆ. ಅದರ ಹಿಂದಿನದು ಎಡಗಡೆಯಿಂದಲೇ ಹಾರಿ ಮುಂದಿನ ಚಕ್ರಕ್ಕೆ ಬಡಿಯಿತು.

ನನಗೆ ಮೊಣಕೈ ತರಚಿತು, ಹೆಲ್ಮೆಟ್ ಒಂದು ಕಡೆ ಉಜ್ಜಿಹೋಯಿತು. ಜಾರ್ ಕಿತ್ತುಕೊಂಡು ಉರುಳಿತು. ಮುಚ್ಚಳ ಹಾರಿ, ಬಿಳಿ ಹೊಗೆ ಟಾರಿನ ಮೇಲೆ ಹರಡಿತು. ನಲವತ್ತು ಸ್ಟ್ರಾ ಹೋದವು. ಜಿಂಕೆ ಎದ್ದು ಕುಂಟುತ್ತಾ ನಿಂತಿತ್ತು. ಹಿಂದೆ ಬಂದ ಕಾರಿನವರು ಇಳಿದು, ಹಿಡಿಯೋಣ, ನೀರು ಕುಡಿಸೋಣ ಎಂದರು. ನಾನು ಬೇಡ ಎಂದೆ. ನಮ್ಮ ಕೆಲಸದಲ್ಲಿ ಗೊತ್ತಿರುವ ವಿಷಯ ಇದು: ಜಿಂಕೆಯನ್ನು ಅಟ್ಟಿ ಹಿಡಿದರೆ ಗಾಯಕ್ಕಿಂತ ಮೊದಲು ಗಾಬರಿಗೇ ಸಾಯಬಹುದು. ಚೆಕ್‌ಪೋಸ್ಟಿನ ಗಾರ್ಡಿಗೆ ಫೋನ್ ಮಾಡಿದೆ. ಅವರು ಬರುವಷ್ಟರಲ್ಲಿ ಅದು ಕಾಡಿಗೆ ಹೋಗಿತ್ತು. ಉಳಿಯಿತೋ ಇಲ್ಲವೋ ಗೊತ್ತಿಲ್ಲ.

ಮರುದಿನ ಬೈಕ್ ರಿಪೇರಿಗೆ ಬಿಟ್ಟು ಬಸ್ಸಿನಲ್ಲಿ ಅದೇ ದಾರಿಯಲ್ಲಿ ಹೋದೆ. ಕಿಟಕಿ ಪಕ್ಕ ಕೂತು ನೋಡಿದರೆ ಎಲ್ಲ ಸಲೀಸಾಗಿ ಅರ್ಥವಾಯಿತು. ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆಯವರು ರಸ್ತೆಯ ಎರಡೂ ಕಡೆ ಫೈರ್‌ಲೈನ್ ಮಾಡುತ್ತಾರೆ. ಕಾಡ್ಗಿಚ್ಚು ಹರಡದಂತೆ ಗಿಡಗಂಟಿ ಕಡಿದು ಒಣಹುಲ್ಲು ಸುಡುತ್ತಾರೆ. ಒಳಗಿನ ಕಾಡೆಲ್ಲ ಮಾರ್ಚಿನಲ್ಲಿ ಬೂದು ಬಣ್ಣಕ್ಕೆ ತಿರುಗಿ, ಮುತ್ತುಗದ ಹೂ ಬಿಟ್ಟರೆ ಬೇರೆ ಬಣ್ಣವೇ ಕಾಣದು. ಯುಗಾದಿ ಆಸುಪಾಸಿನಲ್ಲಿ ಒಂದು ಮಳೆ ಬಿದ್ದರೆ ಸಾಕು, ಸುಟ್ಟ ಜಾಗದಲ್ಲಿ ಹುಲ್ಲು ಚಿಗುರುತ್ತದೆ. ಟಾರಿನ ಮೇಲೆ ಬಿದ್ದ ನೀರೂ ಅಂಚಿಗೇ ಹರಿಯುತ್ತದೆ, ಅಲ್ವಾ? ಹಾಗಾಗಿ ಎಳೆಹುಲ್ಲು ಇರುವುದೇ ರಸ್ತೆ ಪಕ್ಕದಲ್ಲಿ. ಜಿಂಕೆಗಳು ಅಲ್ಲಿಗೇ ಬರುತ್ತವೆ. ಮಳೆಗಾಲದಲ್ಲಿ ಕಾಡಿಡೀ ಹಸಿರು, ಅವಕ್ಕೆ ರಸ್ತೆಯ ಹಂಗಿಲ್ಲ. ನನ್ನ ಲೆಕ್ಕದಲ್ಲಿ ಮಾರ್ಚ್ ಕೊನೆಯಿಂದ ಮೇ ನಡುವಿನವರೆಗೆ ಬೈಕಿನವರಿಗೆ ಕಷ್ಟದ ಕಾಲ.

ಫೈರ್‌ಲೈನ್ ಇದ್ದ ಕಡೆ ದೂರದಿಂದಲೇ ಪ್ರಾಣಿ ಕಾಣುತ್ತದೆ. ಲಂಟಾನ ಪೊದೆ ಟಾರಿನವರೆಗೂ ಬೆಳೆದ ಜಾಗ ಬಂದರೆ ಮಾತ್ರ ನನಗೆ ಈಗಲೂ ಎದೆ ಡವಡವ. ಅಲ್ಲಿ ಏನೂ ಕಾಣದು, ಕಂಡಾಗ ಅದು ಗಾಳಿಯಲ್ಲಿರುತ್ತದೆ.

ಸ್ಪೀಡಿನ ಲೆಕ್ಕವನ್ನೂ ಆಮೇಲೆ ಹಾಕಿದೆ. 60ರಲ್ಲಿ ಬೈಕ್ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಣ್ಣಿಗೆ ಬಿದ್ದದ್ದು ಕೈಗೆ ತಲುಪಲು ಒಂದು ಸೆಕೆಂಡ್ ಬೇಕು. ಬ್ರೇಕ್ ಹಿಡಿದ ಮೇಲೆ ಇನ್ನೂ ಇಪ್ಪತ್ತಕ್ಕಿಂತ ಹೆಚ್ಚು ಮೀಟರ್. 40ರಲ್ಲಿ ಹೋದರೆ ಇದೆಲ್ಲ ಸೇರಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಂಗಳದಿಂದ ಬಂಡೀಪುರಕ್ಕೆ 60ರಲ್ಲಿ ಹೋಗಿ ನಾನು ಉಳಿಸುತ್ತಿದ್ದದ್ದು ಕೆಲವೇ ನಿಮಿಷ. ಆ ನಿಮಿಷದಲ್ಲಿ ಟೀ ಕೂಡ ಪೂರ್ತಿ ಕುಡಿಯುತ್ತಿರಲಿಲ್ಲ.

ಆದರೆ ನಿಜವಾಗಿ ಬದಲಾದದ್ದು ಓಡಿಸುವ ರೀತಿಯಲ್ಲ, ಫೋನಿನಲ್ಲಿ ಕೇಳುವ ಪ್ರಶ್ನೆ. ಮುಂಚೆ "ಬತ್ತೀನಿ" ಎಂದು ಇಟ್ಟುಬಿಡುತ್ತಿದ್ದೆ. ಈಗ "ಎಷ್ಟೊತ್ತಿಗೆ ನೋಡಿದ್ರಿ? ಲೋಳೆ ಹೇಗಿದೆ? ಬೇರೆ ಹಸು ಹತ್ತಿದ್ರೆ ನಿಲ್ತಾ ಇದ್ಯಾ?" ಎಂದು ಕೇಳುತ್ತೇನೆ. ಬೆಳಗ್ಗೆ ಐದೂವರೆಗೆ ಬೆದೆ ಕಂಡ ಹಸುವಿಗೆ ಸಂಜೆ ಏಳಕ್ಕೇ ಹೋಗಬೇಕೆಂದಿಲ್ಲ. ಮೂರೂವರೆ, ನಾಲ್ಕಕ್ಕೆ ಹೋದರೂ ನಡೆಯುತ್ತದೆ. ಹಸುವಿಗೆ ಇಲ್ಲದ ಅವಸರ ನನಗೆ ಇತ್ತು. ದಾರಿಯನ್ನೂ ತಿರುವಿಹಾಕಿದೆ. ಮಧ್ಯಾಹ್ನದ ಮೇಲೆ ಮೊದಲು ಕಾಡಂಚಿನ ಊರು, ಕತ್ತಲಾಗುವ ಹೊತ್ತಿಗೆ ಗುಂಡ್ಲುಪೇಟೆ ಸುತ್ತಮುತ್ತಲಿನ ಊರು. ಹನ್ನೊಂದು ವರ್ಷ ಇದನ್ನು ಉಲ್ಟಾ ಮಾಡುತ್ತಿದ್ದೆ. ಯಾರೂ ಹೇಳಿಕೊಡಲಿಲ್ಲ, ನಾನೂ ಯೋಚಿಸಲಿಲ್ಲ.

ಆನೆಯ ವಿಷಯ ಬೇರೆ. ರಸ್ತೆಯಲ್ಲಿ ಬಿಸಿ ಲದ್ದಿ, ಆಗಷ್ಟೇ ಮುರಿದ ಕೊಂಬೆ ಕಂಡರೆ ನಾನು ನಿಂತುಬಿಡುತ್ತೇನೆ. ಹಾರ್ನ್ ಇಲ್ಲ, ಫೋಟೋ ಇಲ್ಲ. ಬಸ್ಸೋ ಲಾರಿಯೋ ಬರುವವರೆಗೂ ಕಾದು ಅದರ ಹಿಂದೆ ಹೋಗುತ್ತೇನೆ. ಮರಿ ಒಂದು ಕಡೆ, ತಾಯಿ ಇನ್ನೊಂದು ಕಡೆ ಇದ್ದರೆ ಬಸ್ಸಿದ್ದರೂ ಕದಲುವುದಿಲ್ಲ. ನವಿಲನ್ನು ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಅದು ಭಾರದ ಹಕ್ಕಿ, ಮೇಲೇರಲು ಹೊತ್ತು ಬೇಕು, ಸರಿಯಾಗಿ ನಮ್ಮ ಎದೆಮಟ್ಟದಲ್ಲಿ ರಸ್ತೆ ದಾಟುತ್ತದೆ.

ಈ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟ್ ಮುಚ್ಚುವುದು 2009ರಿಂದ ನಡೆದುಬಂದಿದೆ. ಒಳ್ಳೆಯದೇ. ಆದರೆ ಗೇಟ್ ಬೀಳುವ ಮೊದಲಿನ ಅರ್ಧ ಗಂಟೆ ಒಮ್ಮೆ ನಿಂತು ನೋಡಬೇಕು, ಎಲ್ಲರೂ ರೇಸಿಗೆ ಬಿಟ್ಟ ಹಾಗೆ ಓಡುತ್ತಾರೆ. ಭಾನುವಾರ ಊಟಿಗೆ ಹೊರಟ ಬೈಕ್ ಗುಂಪುಗಳದ್ದು ಇನ್ನೊಂದು ಕಥೆ. ಮೊದಲನೆಯವನು ಜಿಂಕೆ ನೋಡಿ ನಿಧಾನ ಮಾಡುತ್ತಾನೆ, ಐದನೆಯವನಿಗೆ ಮುಂದಿನ ಬೈಕಿನ ಹಿಂಭಾಗ ಬಿಟ್ಟು ಏನೂ ಕಂಡಿರುವುದಿಲ್ಲ. ಕೋತಿಗೆ ಚಿಪ್ಸ್ ಹಾಕುವವರ ಬಗ್ಗೆ ಬರೆಯಲು ಹೋದರೆ ಬಾಯಿ ಕೆಡುತ್ತದೆ, ಬಿಡಿ.

ಅವತ್ತು ನಾನು ತಲುಪದ ಆ ಹಸು 21 ದಿನಕ್ಕೆ ಮತ್ತೆ ಬೆದೆಗೆ ಬಂತು. ಅದರ ಯಜಮಾನರು ಬೆಳಗ್ಗೆಯೇ ಫೋನ್ ಮಾಡಿ, "ಸಾ, ಕತ್ತಲ ಮಾಡ್ಕಬೇಡಿ, ಬಿಸ್ಲಲ್ಲೇ ಬಂದ್ಬುಡಿ" ಎಂದರು. ಮೂರೂವರೆಗೆ ಹೊರಟೆ. ಬಿದ್ದ ಜಾಗ ಬರುವ ಮುಂಚೆಯೇ ನಿಧಾನ ಮಾಡಿದ್ದೆ. ಒಂದು ಜಿಂಕೆ ದಾಟಿತು. ಬೈಕ್ ನಿಲ್ಲಿಸಿ ಕಾಲೂರಿ, ಅದು ಬಂದ ಕಡೆಯೇ ನೋಡುತ್ತಾ ಎಣಿಸಿದೆ. ಏಳು ದಾಟಿದವು. ಸ್ವಲ್ಪ ಹೊತ್ತು ಏನೂ ಅಲುಗಲಿಲ್ಲ. ಗೇರ್ ಹಾಕಲು ಕ್ಲಚ್ ಹಿಡಿದೆ. ಎಂಟನೆಯದು ಬಂತು.