ಕಣದ ಮೇಲೆ ತಪ್ಪು ಹೊರಿಸೋಕೆ ಮುಂಚೆ ಎಂಡೋಟಾಕ್ಸಿನ್ ನೋಡಿ

ನಮ್ ಲ್ಯಾಬಲ್ಲಿ ಸನ್‌ಸ್ಕ್ರೀನ್‌ಗೆ ಹಾಕೋ ಟೈಟಾನಿಯಂ ಡೈಆಕ್ಸೈಡ್ ನ್ಯಾನೋಕಣಗಳಿಂದ ಚರ್ಮಕ್ಕೆ ಅಲರ್ಜಿ ಆಗುತ್ತಾ ಅಂತ ಪ್ರಾಣಿಗಳನ್ನ ಮುಟ್ಟದೆ ಪರೀಕ್ಷೆ ಮಾಡ್ತೀವಿ. ಹಳೇ ಕ್ರಮದಲ್ಲಿ ಇಲಿ ಕಿವಿಗೆ ಮೂರು ದಿನ ಸ್ಯಾಂಪಲ್ ಹಚ್ಚಿ, ಆರನೇ ದಿನ ಕೊಂದು, ಕಿವಿ ಹತ್ರದ ದುಗ್ಧಗ್ರಂಥಿ ತೆಗೆದು ನೋಡೋರು. ನಾವು ಟಿಎಚ್‌ಪಿ-1 ಅನ್ನೋ ಮನುಷ್ಯರ ಜೀವಕೋಶದ ಜೊತೆ ಸ್ಯಾಂಪಲ್ 24 ಗಂಟೆ ಇಟ್ಟು, ಕೋಶಗಳನ್ನ ಒಂದೊಂದಾಗಿ ಅಳೆಯೋ ಫ್ಲೋ ಸೈಟೋಮೀಟರಲ್ಲಿ, ಅಲರ್ಜಿಯ ಸುಳಿವು ಕೊಡೋ ಸಿಡಿ86, ಸಿಡಿ54 ಅನ್ನೋ ಕೋಶದ ಮೈಮೇಲಿನ ಪ್ರೋಟೀನ್ ಎಷ್ಟು ಏರಿದೆ ನೋಡ್ತೀವಿ, ಸ್ಯಾಂಪಲ್ ಹಾಕದ ಕೋಶಕ್ಕೆ ಹೋಲಿಸಿದ್ರೆ ಸಿಡಿ86 150 ಪರ್ಸೆಂಟ್ ಅಥವಾ ಸಿಡಿ54 200 ಪರ್ಸೆಂಟ್ ಮುಟ್ಟಿದ್ರೆ ಆ ರನ್ ಪಾಸಿಟಿವ್.

ಒಂದ್ಸಲ ಒಂದು ಬ್ಯಾಚಲ್ಲಿ ಸಿಡಿ54 ಜೋರಾಗಿ ಏರ್ತು, ಎರಡನೇ ರನ್ನಲ್ಲೂ ಹಾಗೇ, ನಾನು ರಿಪೋರ್ಟಲ್ಲಿ 'ಅಲರ್ಜಿಕಾರಕ' ಅಂತ ಬರೆದೇ ಬಿಟ್ಟಿದ್ದೆ. ಮೇಡಂ ಒಂದೇ ಮಾತು ಕೇಳಿದ್ರು, "ಎಂಡೋಟಾಕ್ಸಿನ್ ನೋಡಿದ್ಯೇನಮ್ಮ?" ಆಟೋಕ್ಲೇವ್ ಮಾಡಿದೀವಲ್ಲ ಮೇಡಂ, ಬಿಸಿ ಹಬೆಯ ಒತ್ತಡದಲ್ಲಿ ಇಟ್ಟಿದೀವಲ್ಲ ಅಂದೆ. ಅಲ್ಲೇ ನಾನು ಎಡವಿದ್ದು. ಆಟೋಕ್ಲೇವಲ್ಲಿ ಬ್ಯಾಕ್ಟೀರಿಯಾ ಸಾಯುತ್ತೆ ಸರಿ, ಆದ್ರೆ ಅದರ ಹೊರಪದರದ ಚೂರು, ಅದೇ ಎಂಡೋಟಾಕ್ಸಿನ್, ಹಾಗೇ ಉಳಿಯುತ್ತೆ, ಕಣದ ಮೈಗೆ ಅಂಟ್ಕೊಂಡು ಕೋಶದ ಹತ್ರ ಹೋಗುತ್ತೆ, ಟಿಎಚ್‌ಪಿ-1 ಅದನ್ನ ನೋಡಿದ್ರೆ ಸುಮ್ನಿರಲ್ಲ. ಎಂಡೋಟಾಕ್ಸಿನ್ ಕಟ್ಟಿಹಾಕೋ ಪಾಲಿಮಿಕ್ಸಿನ್ ಬಿ ಸೇರಿಸಿ ಮತ್ತೆ ರನ್ ಮಾಡಿದ್ವಿ, ಸಿಡಿ54 ಇಳಿದೇ ಹೋಯ್ತು. ಕಣ ತೊಳೆದ ನೀರಿನ ಟ್ಯಾಂಕಲ್ಲೇ ಎಡವಟ್ಟಿತ್ತು. ಗಾಜಿನ ಸಾಮಾನೆಲ್ಲಾ 250 ಡಿಗ್ರಿ ಒಣ ಶಾಖದಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ಇಟ್ಟು, ಶುದ್ಧ ನೀರಲ್ಲಿ ಮಾಡಿದ ಹೊಸ ಬ್ಯಾಚ್ ನೆಗೆಟಿವ್ ಬಂತು.

ಮೀಟಿಂಗಲ್ಲಿ ಒಬ್ರು, ಇದಕ್ಕಿಂತ ಇಲೀನೇ ವಾಸಿ ಅಂದ್ರು. ನಂಗೆ ನಿಜವಾಗ್ಲೂ ಬೇಜಾರಾಯ್ತು. ನಿಕಲ್ ಓಲೆ, ವಾಚಿನ ಬಕಲ್‌ನಿಂದ ಎಷ್ಟು ಜನಕ್ಕೆ ತುರಿಕೆ ಆಗುತ್ತೆ, ಆದ್ರೂ ಇಲಿ ಪರೀಕ್ಷೆಯಲ್ಲಿ ನಿಕಲ್ ತಪ್ಪಿಸ್ಕೊಳ್ಳುತ್ತೆ. ಕೋಶದ ಮೇಲೆ ಟಿಎಲ್‌ಆರ್4 ಅಂತ ಒಂದು ರಿಸೆಪ್ಟರ್, ಅಂದ್ರೆ ಹೊರಗಿನ ಸಂಕೇತ ಹಿಡಿಯೋ ಪ್ರೋಟೀನ್ ಇದೆ, ನಿಕಲ್ ಮನುಷ್ಯರ ಟಿಎಲ್‌ಆರ್4ಗೆ ಅಂಟುತ್ತೆ, ಇಲೀದಕ್ಕೆ ಅಂಟಲ್ಲ. ನಮ್ಮನ್ನ ದಾರಿ ತಪ್ಪಿಸಿದ ಎಂಡೋಟಾಕ್ಸಿನ್ ಕೋಶ ಎಬ್ಬಿಸೋದೂ ಇದೇ ರಿಸೆಪ್ಟರ್ ಮೂಲಕ. ಮನುಷ್ಯರ ಕೋಶ ಸರಿಯಾಗೇ ಹೇಳಿತ್ತು, ನಾನು ಕೇಳಿಸ್ಕೊಂಡಿದ್ದು ತಪ್ಪು.

ಈಗ ಪ್ರತಿ ಬ್ಯಾಚಿಗೂ ಮೊದಲು ಎಂಡೋಟಾಕ್ಸಿನ್ ಟೆಸ್ಟ್. ಕಣವೇ ಆ ಟೆಸ್ಟಲ್ಲಿ ಫಲಿತಾಂಶ ತೋರಿಸೋ ಬಣ್ಣ, ಬೆಳಕಿಗೆ ಅಡ್ಡ ಬರಬಹುದು, ಹಾಗಾಗಿ ಗೊತ್ತಿರೋ ಅಳತೆ ಎಂಡೋಟಾಕ್ಸಿನ್ ಸೇರಿಸಿ 50ರಿಂದ 200 ಪರ್ಸೆಂಟ್ ಒಳಗೆ ವಾಪಸ್ ಸಿಗುತ್ತಾ ಅಂತಾನೂ ನೋಡ್ತೀವಿ. ಹಳೇ ಕಿಟ್ ಹಾರ್ಸ್‌ಶೂ ಏಡಿಯ ನೀಲಿ ರಕ್ತದಿಂದ ಮಾಡಿದ್ದು, ಪ್ರಾಣಿ ಬೇಡ ಅಂತ ಹೊರಟವರು ಅದನ್ನ ಇಟ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ, ಏಡಿ ರಕ್ತ ಬೇಡದೆ ಲ್ಯಾಬಲ್ಲೇ ತಯಾರಾಗೋ ಪ್ರೋಟೀನ್ ಬಳಸೋ ರೀಕಾಂಬಿನೆಂಟ್ ಫ್ಯಾಕ್ಟರ್ ಸಿ ಕಿಟ್ ತರಿಸ್ಕೊಂಡ್ವಿ.