ಮತ್ತೆ ಮೊದಲನೆಯ ಹಂತದಿಂದ

ಹಳೆಯ ಗೆಳೆಯರು ಬಹಳ ವರ್ಷಗಳ ಮೇಲೆ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡಲು ಮತ್ತೆ ಕೂಡುವುದಾದರೆ, ಹಳೆಯ ಪಾತ್ರಗಳನ್ನು ಎಬ್ಬಿಸಿ ತರದೆ, ಎಲ್ಲರೂ ಮೊದಲನೆಯ ಹಂತದ ಹೊಸ ಪಾತ್ರಗಳನ್ನು ಬರೆದುಕೊಂಡು ಕೂಡುವುದೇ ಸರಿ ಎಂದು ನಾನು ಈಗ ದೃಢವಾಗಿ ನಂಬಿದ್ದೇನೆ. ಈ ಮಾತಿಗೆ ನಮ್ಮ ಗುಂಪಿನಲ್ಲಿಯೇ ವಿರೋಧವಿತ್ತು. ಗದಗ-ಬೆಟಗೇರಿಯ ಗೆಳೆಯನ ಮನೆಯ ಪಡಸಾಲೆಯಲ್ಲಿ ನಾವು ಐವರು ಸೇರಿದಾಗ, ಹಾವೇರಿಯಿಂದ ಬಂದವನು ಕಾಲೇಜಿನ ಕಾಲದ ರಟ್ಟಿನ ಫೈಲನ್ನು ಜೋಪಾನವಾಗಿ ಹೊತ್ತು ತಂದಿದ್ದ. ನಮ್ಮ 12ನೆಯ ಹಂತದ ಪಾತ್ರಗಳ ಹಾಳೆಗಳೆಲ್ಲ ಅದರಲ್ಲಿದ್ದವು. ಅಂಚುಗಳು ಹಳದಿಯಾಗಿದ್ದರೂ ಪೆನ್ಸಿಲ್ಲಿನ ಅಂಕಿಗಳು ಇನ್ನೂ ಓದುವಂತಿದ್ದವು. ಬಿಟ್ಟಲ್ಲಿಂದಲೇ ಮುಂದುವರಿಸೋಣ ಎಂಬ ಅವನ ಆಸೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಲಿಲ್ಲ.

ಈ ಆಟವನ್ನು ಕಾಣದವರಿಗಾಗಿ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಅಮೆರಿಕದಲ್ಲಿ 1974ರಲ್ಲಿ ಹೊರತಂದರು. ಒಬ್ಬನು ಡಂಜನ್ ಮಾಸ್ಟರ್ ಆಗಿ ಲೋಕವನ್ನು, ಅಲ್ಲಿನ ಜನರನ್ನು ಮತ್ತು ಅಪಾಯಗಳನ್ನು ವರ್ಣಿಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಆ ಲೋಕದಲ್ಲಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಮಾಡಹೊರಟದ್ದು ಕೈಗೂಡುವುದೋ ಇಲ್ಲವೋ ಎಂಬ ಸಂದೇಹವಿದ್ದಲ್ಲಿ 20 ಮುಖದ ದಾಳವನ್ನು ಉರುಳಿಸುತ್ತಾರೆ. ಆಟಗಾರರು ಪರಸ್ಪರ ಎದುರಾಳಿಗಳಲ್ಲ. ಸಾಹಸಗಳಿಂದ ಅನುಭವ ಗಳಿಸಿದಂತೆ ಪಾತ್ರವು ಮೊದಲನೆಯ ಹಂತದಿಂದ ಮೇಲೇರುತ್ತ ಬಲಗೊಳ್ಳುತ್ತದೆ.

ಹುಬ್ಬಳ್ಳಿಯ ವಿದ್ಯಾನಗರದ ಬಾಡಿಗೆ ಕೋಣೆಯಲ್ಲಿ ನಾವು ಆಡುತ್ತಿದ್ದದ್ದು 2003ರಲ್ಲಿ ಬಂದ, ಮೂರೂವರೆ ಎಂದೇ ಕರೆಸಿಕೊಳ್ಳುವ ಆವೃತ್ತಿಯನ್ನು. ಅದರ ನಿಯಮಗಳ ಬಹುಭಾಗವನ್ನು ಪ್ರಕಾಶಕರೇ ಮುಕ್ತ ಪರವಾನಗಿಯಡಿ ಅಂತರಜಾಲದಲ್ಲಿ ಬಿಟ್ಟಿದ್ದರಿಂದ, ಸೈಬರ್ ಕೆಫೆಯಲ್ಲಿ ಮುದ್ರಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿಕೊಂಡಿದ್ದೆವು. ಬಹುಮುಖದ ದಾಳಗಳು ಆಗ ನಮ್ಮ ಕೈಗೆ ಎಟುಕುವಂತಿರಲಿಲ್ಲ. 1ರಿಂದ 20ರವರೆಗೆ ಬರೆದ ಚೀಟಿಗಳನ್ನು ಸ್ಟೀಲಿನ ತಂಬಿಗೆಯಲ್ಲಿ ಹಾಕಿ ಕುಲುಕಿ ಎತ್ತುತ್ತಿದ್ದೆವು. ಎತ್ತಿದ ಚೀಟಿಯನ್ನು ಮತ್ತೆ ಒಳಗೆ ಹಾಕಲೇಬೇಕು, ಇಲ್ಲವಾದರೆ ಮುಂದಿನವನ ಸಂಭವನೀಯತೆ ಬದಲಾಗುತ್ತದೆ ಎಂಬುದನ್ನು ಕಾಯುವ ಕೆಲಸ ಈಗ ಧಾರವಾಡದಲ್ಲಿ ಗಣಿತ ಕಲಿಸುವ ಗೆಳೆಯನದಾಗಿತ್ತು. ಆ ಚೀಟಿಗಳಿಂದಲೇ ನಮ್ಮ ಪಾತ್ರಗಳು 12ನೆಯ ಹಂತ ಮುಟ್ಟಿದ್ದು ಎಂಬುದನ್ನು ನೆನೆದರೆ ನನಗೆ ಇಂದಿಗೂ ಹೆಮ್ಮೆಯೆನಿಸುತ್ತದೆ.

ಹಾಗಿದ್ದರೂ ಆ ಹಾಳೆಗಳಿಗೆ ಮರಳುವುದು ಬೇಡವೆಂದು ನಾನು ವಾದಿಸಲು ಮುಖ್ಯ ಕಾರಣ ಸಾವು. ಮೂರೂವರೆಯಲ್ಲಿ 12ನೆಯ ಹಂತದ ಕ್ಲೆರಿಕ್, ಅಂದರೆ ದೈವಬಲದ ಮಂತ್ರಗಳುಳ್ಳ ಪೂಜಾರಿ, ಸತ್ತವರನ್ನು ಎಬ್ಬಿಸಬಲ್ಲ. ಅದಕ್ಕೆ 5,000 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು, ಆ ಹಂತದವರ ಜೋಳಿಗೆಯಲ್ಲಿ ಅಷ್ಟು ಹಣ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅಂದರೆ ಅಲ್ಲಿ ಸಾವು ಒಂದು ಖರ್ಚು. ಮೊದಲನೆಯ ಹಂತದವರಿಗೆ ಸಾವು ಸಾವೇ. ಇನ್ನೊಂದು ಕಾರಣವೂ ಇತ್ತು. 12ನೆಯ ಹಂತದ ಹಾಳೆಯಲ್ಲಿ ಮಂತ್ರ, ಸಾಮರ್ಥ್ಯ, ಮಾಯಾ ಆಯುಧಗಳು ಎಷ್ಟು ತುಂಬಿರುತ್ತವೆಂದರೆ, ನಿಯಮಗಳನ್ನು ಮರೆಯದೆ ಉಳಿಸಿಕೊಂಡವನು ಆಡುತ್ತಾನೆ, ಮರೆತವನು ಅವನ ಮುಖ ನೋಡುತ್ತಾ ಕೂಡುತ್ತಾನೆ. ಮಕ್ಕಳು, ನೌಕರಿ, ವಯಸ್ಸಾದ ತಂದೆತಾಯಿಯರ ನಡುವೆ ಒಂದು ಭಾನುವಾರವನ್ನು ಬಿಡಿಸಿಕೊಂಡು ಬಂದ ಗೆಳೆಯ ಹಾಗೆ ಸುಮ್ಮನೆ ಕೂಡಬಾರದು.

ನಾವು 2014ರ ಐದನೆಯ ಆವೃತ್ತಿಯನ್ನು ಆರಿಸಿಕೊಂಡೆವು. ಪರಿಷ್ಕೃತ ಪುಸ್ತಕಗಳು 2024ರಿಂದ ಬಂದಿರುವುದು ಗೊತ್ತಿದ್ದರೂ, ಹಳೆಯ ಪುಸ್ತಕ ಬೆಂಗಳೂರಿನ ಗೆಳೆಯನ ಬಳಿ ಇತ್ತು, ಮೂಲ ನಿಯಮಗಳ ಸಾರವು 2023ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ಲಭ್ಯವಿದೆ. ಹಾವೇರಿಯವನು ಕಾಳಗದ ಫೈಟರ್, ಧಾರವಾಡದವನು ಕ್ಲೆರಿಕ್, ಬೆಂಗಳೂರಿನವನು ಕಳ್ಳಹೆಜ್ಜೆಯ ರೋಗ್, ನಾನು 7 ಹಿಟ್ ಪಾಯಿಂಟುಗಳ, ಅಂದರೆ ಅಷ್ಟೇ ಪೆಟ್ಟು ತಾಳಬಲ್ಲ, ಮಂತ್ರವಾದಿ ವಿಝರ್ಡ್.

ಮನೆಯೊಡೆಯನೇ ಡಂಜನ್ ಮಾಸ್ಟರ್. ಅವನು ಹೂಡಿದ ಮೊದಲ ಸಾಹಸವು ಯಾವುದೋ ಶೀತದೇಶದ ಕೋಟೆಯಲ್ಲಿ ನಡೆಯಲಿಲ್ಲ. ಗದಗದಿಂದ ಸುಮಾರು 12 ಕಿ.ಮೀ. ದೂರದ ಲಕ್ಕುಂಡಿಯಲ್ಲಿ, ಮಾಣಿಕೇಶ್ವರ ಗುಡಿಯ ಮಗ್ಗುಲಿನ ಮುಸುಕಿನ ಬಾವಿಯಲ್ಲಿ ನಡೆಯಿತು. ಚಾಲುಕ್ಯರ ಕಾಲದ ಆ ಬಾವಿಯನ್ನು ಕಂಡವರಿಗೆ ಅದರ ಮೂರು ಬದಿಯ ಮೆಟ್ಟಿಲುಗಳೂ, ಗೋಡೆಗಳಲ್ಲಿ ಕಡೆದಿಟ್ಟ ಪುಟ್ಟ ಗುಡಿಗಳಂತಹ ಗೂಡುಗಳೂ ಗೊತ್ತು. ನೀರಿನ ಮೇಲಿನದನ್ನೆಲ್ಲ ಅವನು ಇದ್ದುದು ಇದ್ದ ಹಾಗೆಯೇ ಇಟ್ಟುಕೊಂಡ. ನೀರು ಇಳಿದ ಮೇಲೆ ಕಾಣಿಸುವ ಮೆಟ್ಟಿಲುಗಳು ಮಾತ್ರ ಅವನ ಕಲ್ಪನೆ. ಬರಗಾಲದ ಮೂರನೆಯ ವರ್ಷ ನೀರು ಹಿಂದೆಂದೂ ಕಾಣದಷ್ಟು ಕೆಳಗೆ ಸರಿದಿದೆ, ಊರಿನ ಹುಡುಗನೊಬ್ಬ ಕೊಡ ತುಂಬಲು ಇಳಿದವನು ಮೇಲೆ ಬಂದಿಲ್ಲ ಎಂದು ಅವನು ಹೇಳಿ, ಸ್ವಲ್ಪ ತಡೆದು, "ಈಗ ಏನ್ ಮಾಡ್ತೀರಿ?" ಎಂದು ಕೇಳಿದ. ವೀರನಾರಾಯಣನ ಗುಡಿಯಲ್ಲಿ ಭಾರತ ವಾಚನ ಕೇಳುತ್ತ ಬೆಳೆದವನಿಗೆ ಎಲ್ಲಿ ನಿಲ್ಲಿಸಬೇಕೆಂಬುದನ್ನು ಯಾರೂ ಕಲಿಸಬೇಕಾಗಿಲ್ಲ.

ನಾವು ಇಳಿದೆವು. ಕೆಳಗಿನ ಗೂಡುಗಳಿಂದ ಸ್ಟರ್ಜ್‌ಗಳು ಎದ್ದವು. ಬಾವಲಿಯ ಗಾತ್ರದ, ಸೂಜಿಮೂತಿಯ, ಮೈಗೆ ಅಂಟಿಕೊಂಡು ರಕ್ತ ಹೀರುವ ಜೀವಿಗಳು. ಅವುಗಳಿಗಿರುವುದು ಎರಡೇ ಹಿಟ್ ಪಾಯಿಂಟ್, ಆದರೆ ಒಮ್ಮೆ ಅಂಟಿದರೆ ಸುತ್ತಿಗೊಂದು ಸಲ 4ರಿಂದ 7ರವರೆಗೆ ಹೀರುತ್ತವೆ. ಮುಂದೆ ಇದ್ದ ಫೈಟರನಿಗೆ ಎರಡು ಅಂಟಿಕೊಂಡವು. ಅವನ 12 ಪಾಯಿಂಟುಗಳು ನೋಡುನೋಡುತ್ತಲೇ ಸೊನ್ನೆಯಾಗಿ ಅವನು ಪ್ರಜ್ಞೆ ತಪ್ಪಿ ಬಿದ್ದ. ಒಂದು ಸ್ಟರ್ಜ್ ಹೊಟ್ಟೆ ತುಂಬಿ ಹಾರಿಹೋಯಿತು, ಇನ್ನೊಂದನ್ನು ರೋಗ್ ಬಾಣದಿಂದ ಕೆಡವಿದ. ಕ್ಲೆರಿಕ್ ತನ್ನ ಎರಡೂ ಮಂತ್ರಗಳನ್ನು ಆಗಲೇ ಬಳಸಿಬಿಟ್ಟಿದ್ದ. ಸಾಲದ್ದಕ್ಕೆ, ಮೇಲಿನ ಮೆಟ್ಟಿಲಲ್ಲಿ ಮತ್ತೆರಡು ಸ್ಟರ್ಜ್‌ಗಳು ಅವನನ್ನು ತಡೆದಿದ್ದವು.

ಇಲ್ಲಿ ಎರಡು ಆವೃತ್ತಿಗಳ ವ್ಯತ್ಯಾಸ ನನಗೆ ಮನದಟ್ಟಾಯಿತು. ಮೂರೂವರೆಯಲ್ಲಿ ಬಿದ್ದವನು ಪ್ರತಿ ಸುತ್ತಿಗೆ ಒಂದೊಂದು ಪಾಯಿಂಟ್ ಕಳೆದುಕೊಳ್ಳುತ್ತ ಮೈನಸ್ 10ಕ್ಕೆ ಇಳಿದಾಗ ಸಾಯುತ್ತಿದ್ದ. ತಾನಾಗಿಯೇ ಸ್ಥಿರಗೊಳ್ಳುವ ಸಾಧ್ಯತೆ ಪ್ರತಿ ಸುತ್ತಿಗೆ ಶೇ. 10 ಮಾತ್ರ. ನಮ್ಮ ಕೋಣೆಯಲ್ಲಿ ಬಿದ್ದವನು ಎದ್ದು ಚಹಾ ಮಾಡಲು ಹೋಗುತ್ತಿದ್ದ, ಉಳಿದವರು ಕಾಳಗ ಮುಗಿಸಿ ಅವನತ್ತ ತಿರುಗುತ್ತಿದ್ದರು. ಐದನೆಯ ಆವೃತ್ತಿಯಲ್ಲಿ ಬಿದ್ದವನು ತನ್ನ ಸರದಿ ಬಂದಾಗಲೆಲ್ಲ ದಾಳ ಹಾಕಬೇಕು: 10 ಅಥವಾ ಹೆಚ್ಚು ಬಿದ್ದರೆ ಒಂದು ಗೆಲುವು, ಕಡಿಮೆ ಬಿದ್ದರೆ ಒಂದು ಸೋಲು, ಮೂರು ಗೆಲುವಿಗೆ ಜೀವ ನಿಲ್ಲುತ್ತದೆ, ಮೂರು ಸೋಲಿಗೆ ಹೋಗುತ್ತದೆ. ಅದೂ ಸಾವನ್ನು ಮುಂದೂಡುವ ಉದಾರ ನಿಯಮವೇ ಎಂದು ದೂರುವವರಿದ್ದಾರೆ. ನಾನು ಒಪ್ಪುವುದಿಲ್ಲ, ಏಕೆಂದರೆ ಆ ನಿಯಮ ಬಿದ್ದವನನ್ನು ಎದ್ದುಹೋಗಲು ಬಿಡುವುದಿಲ್ಲ.

ಹಾವೇರಿಯ ಗೆಳೆಯ ದಾಳ ಹಾಕಿದ. ಗಿರಮಿಟ್ಟಿನ ತಟ್ಟೆಗೆ ತಾಗಿ ನಿಂತ ನೀಲಿ ದಾಳದ ಮೇಲೆ 6 ಇತ್ತು. ಮುಂದಿನ ಸರದಿಯಲ್ಲಿ 9. ಯಾರೂ ಮಾತನಾಡಲಿಲ್ಲ. ಇನ್ನೊಂದು ಸೋಲಿಗೆ, ಬೆಳಿಗ್ಗೆಯಷ್ಟೇ ಅವನು ಮನಸ್ಸಿಲ್ಲದ ಮನಸ್ಸಿನಿಂದ ಬರೆದುಕೊಂಡಿದ್ದ ಪಾತ್ರ ಮುಗಿಯುತ್ತಿತ್ತು. ಹಳೆಯ ಫೈಲನ್ನು ಬದಿಗಿಟ್ಟು ಕುಳಿತಿದ್ದವನು ಅದನ್ನು ಉಳಿಸಿಕೊಳ್ಳಲು ದಾಳದ ಕಡೆ ಬಾಗಿದ್ದನ್ನು ನಾನು ನೋಡಿದೆ. ನನ್ನ ವಿಝರ್ಡ್ ಮೆಟ್ಟಿಲಿಳಿದು ಅವನ ಪಕ್ಕ ಮೊಣಕಾಲೂರಿದ. ಮಂತ್ರ ಬಲ್ಲವನಿಗೂ ಅಲ್ಲಿ ಉಳಿದಿದ್ದದ್ದು ತನ್ನ ಅಂಗಿಯ ಬಟ್ಟೆಯಿಂದ ಗಾಯ ಕಟ್ಟುವ ಕೆಲಸವಷ್ಟೇ. ಅದಕ್ಕೆ ಶುಶ್ರೂಷೆಯ ದಾಳದಲ್ಲಿ ಒಟ್ಟು 10 ಬೇಕು. ನನಗೆ 12 ಬಿತ್ತು. ಹಾವೇರಿಯವನು ಉಸಿರು ಬಿಟ್ಟು, ರಟ್ಟಿನ ಫೈಲನ್ನು ಚೀಲದಲ್ಲಿ ಇಟ್ಟುಕೊಂಡು, ಹುಡುಗ ಇನ್ನೂ ಸಿಕ್ಕಿಲ್ಲವಲ್ಲ ಎಂದ.

ಹುಡುಗ ಸಿಕ್ಕದೆಯೇ ಆ ದಿನದ ಆಟ ನಿಂತಿತು, ಏಕೆಂದರೆ ಬೆಂಗಳೂರಿನವನಿಗೆ ಹುಬ್ಬಳ್ಳಿಯಿಂದ ರಾತ್ರಿಯ ರೈಲಿತ್ತು. ನಾಲ್ವರೂ ಎರಡನೆಯ ಹಂತಕ್ಕೆ ಬೇಕಾದ 300 ಅನುಭವ ಪಾಯಿಂಟುಗಳ ಹತ್ತಿರದಲ್ಲಿದ್ದೇವೆ. ಆ ಹಂತದಲ್ಲಿ ವಿಝರ್ಡ್ ತನ್ನ ವಿದ್ಯೆಯ ಶಾಖೆಯನ್ನು ಆರಿಸಿಕೊಳ್ಳಬೇಕು. ಕಾಲೇಜಿನಲ್ಲಿದ್ದಾಗ ನಾನು ಯೋಚಿಸದೆ ಬೆಂಕಿಯ ಕಡೆ ಹೋಗುತ್ತಿದ್ದೆ. ಈ ಸಲ ಭವಿಷ್ಯ ಕಾಣುವ ಡಿವಿನೇಶನ್ ಶಾಖೆಯನ್ನು ಆರಿಸಿಕೊಳ್ಳುತ್ತೇನೆ. ಆ ಶಾಖೆಯವನು ದೀರ್ಘ ವಿಶ್ರಾಂತಿಯ ಬಳಿಕ ಎರಡು ದಾಳ ಹಾಕಿ ಆ ಅಂಕಿಗಳನ್ನು ಎತ್ತಿಟ್ಟುಕೊಂಡು, ಆ ದಿನದಲ್ಲಿ ತನ್ನ ಕಣ್ಣಿಗೆ ಕಾಣುವ ಯಾರದೇ ದಾಳದ ಬದಲಿಗೆ ಒಂದನ್ನು ಕೊಡಬಹುದು, ಮೆಟ್ಟಿಲ ಮೇಲೆ ಬಿದ್ದವನು ಜೀವಕ್ಕಾಗಿ ಹಾಕಬೇಕಾದ ದಾಳದ ಬದಲಿಗೂ.