ಡಿಸ್ಕ್ ಮಾಡಿಕೊಟ್ಟಿದ್ದೆ, ಬೂಟ್ ಮಾಡಿ ನೋಡಿರಲಿಲ್ಲ

ನಾನು ಕಾರವಾರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಜುಲೈನ ಜಡಿಮಳೆಯಲ್ಲಿ ಸದಾಶಿವಗಡದ ನಿವೃತ್ತ ಮಾಸ್ತರರೊಬ್ಬರು ಫೋನ್ ಮಾಡಿದರು. ವಿಂಡೋಸ್ ಏಳುತ್ತಿಲ್ಲ, ನೀವು ಕೊಟ್ಟ ರೆಸ್ಕ್ಯೂ ಡಿಸ್ಕ್ ಹಾಕಿದರೂ ಕಪ್ಪು ಪರದೆಯೇ ಎಂದರು. ವಿಂಡೋಸ್ ಕೆಟ್ಟಾಗ ಕಂಪ್ಯೂಟರನ್ನು ಏಳಿಸಲು, ಅಂದರೆ ಬೂಟ್ ಮಾಡಲು, ನಾನು ಮಾಡಿಕೊಟ್ಟ ಡಿವಿಡಿ ಅದು. ಬ್ಯಾಕಪ್ ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಭದ್ರವಾಗಿತ್ತು. ಆದರೆ ಅದನ್ನು ವಾಪಸ್ ಕೂರಿಸಬೇಕಾದರೆ ಮೊದಲು ರೆಸ್ಕ್ಯೂ ಡಿಸ್ಕ್ ಏಳಬೇಕು.

ಡಿಸ್ಕಿಗೆ ಬೂಷ್ಟು ಹಿಡಿದಿರಬೇಕು ಅಂದುಕೊಂಡೇ ಕಾಳಿ ಸೇತುವೆ ದಾಟಿದೆ. ನಮ್ಮ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟನ್ನೂ ಬೂಷ್ಟು ಬಿಡುವುದಿಲ್ಲ, ಅಲ್ವಾ? ಡಿವಿಡಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಅಂಚಿನಲ್ಲಿ ಮಂಜಿನಂಥ ಕಲೆ ಇತ್ತು. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಹೊರಕ್ಕೆ ಒರೆಸಿದೆ. ನನ್ನ ಲ್ಯಾಪ್‌ಟಾಪಿಗೆ ಯುಎಸ್‌ಬಿ ಡಿವಿಡಿ ಡ್ರೈವ್ ಸಿಕ್ಕಿಸಿ ಡಿಸ್ಕ್ ಹಾಕಿದರೆ ಫೈಲುಗಳೆಲ್ಲ ಸಲೀಸಾಗಿ ತೆರೆದವು. ಇಡೀ ಡಿಸ್ಕನ್ನು ಒಂದೇ ಫೈಲಿನಲ್ಲಿ ಹಿಡಿದಿಡುವ ಐಎಸ್‌ಒ ಫೈಲನ್ನು ಸರಿಯಾಗಿ ಬರ್ನ್ ಮಾಡದೆ ಸುಮ್ನೆ ಕಾಪಿ ಮಾಡಿದ್ದರೆ ಒಂದೇ ಫೈಲ್ ಕಾಣುತ್ತಿತ್ತು. ಇಲ್ಲಿ ಹಾಗೂ ಆಗಿರಲಿಲ್ಲ. ಅಂದರೆ ಡಿಸ್ಕ್ ಸರಿಯಿದೆ.

ಮಾಸ್ತರರ ಕಂಪ್ಯೂಟರಿನಲ್ಲಿ ಎಫ್12 ಒತ್ತಿ ಬೂಟ್ ಮೆನು ತೆರೆದೆ. ಪಟ್ಟಿಯಲ್ಲಿ ಡಿವಿಡಿ ಹೆಸರೇ ಇಲ್ಲ! ಮತ್ತೆ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ತೆರೆದು ಹುಡುಕಿದೆ. ಹೊಸ ಬಗೆಯ ಕಂಪ್ಯೂಟರುಗಳು ಬೂಟ್ ಆಗಲು ಹುಡುಕುವ 'ಇಎಫ್‌ಐ' ಎಂಬ ಫೋಲ್ಡರೇ ಅದರಲ್ಲಿ ಇರಲಿಲ್ಲ. ಆಗ ಹೊಟ್ಟೆಯಲ್ಲಿ ಕಸಿವಿಸಿಯಾಯಿತು. ಆ ಡಿಸ್ಕ್ ಮಾಡಿದ್ದು ಬಯೋಸ್ ಎಂಬ ಹಳೇ ರೀತಿಯಲ್ಲಿ ಬೂಟ್ ಆಗುವ ಅವರ ಹಳೇ ಮದರ್‌ಬೋರ್ಡಿಗೆ. ಆಮೇಲೆ ಬೋರ್ಡ್ ಬದಲಾಯಿಸಿದವನೂ ನಾನೇ. ವಿಂಡೋಸ್ ಹೊಸದಾಗಿ ಹಾಕಿದೆ, ಬ್ಯಾಕಪ್ ಹೊಸದಾಗಿ ಶುರು ಮಾಡಿದೆ. ಡಿಸ್ಕ್ ಮಾತ್ರ ಹಳೆಯದೇ ಉಳಿಯಿತು. ಹೊಸ ಬೋರ್ಡ್ ಯುಇಎಫ್‌ಐ ಎಂಬ ಹೊಸ ರೀತಿಯನ್ನು ಮಾತ್ರ ಅರಿಯುತ್ತದೆ, ಹಳೇ ರೀತಿಗೆ ಬದಲಿಸುವ ಸಿಎಸ್‌ಎಂ ಆಯ್ಕೆಯೇ ಅದರಲ್ಲಿಲ್ಲ. ಮಾಸ್ತರರಿಗೆ ತಪ್ಪು ನನ್ನದೇ ಎಂದು ಹೇಳಿದೆ.

ಅದೇ ಬ್ಯಾಕಪ್ ಸಾಫ್ಟ್‌ವೇರಿನ ಹೊಸ ಆವೃತ್ತಿಯಿಂದ ಲ್ಯಾಪ್‌ಟಾಪಿನಲ್ಲೇ ರೆಸ್ಕ್ಯೂ ಪೆನ್‌ಡ್ರೈವ್ ಮಾಡಿದೆ. ಫಾರ್ಮ್ಯಾಟ್ ಫ್ಯಾಟ್32, ಏಕೆಂದರೆ ಯುಇಎಫ್‌ಐ ಎಲ್ಲ ಕಡೆ ಖಂಡಿತ ಓದುವುದು ಅದನ್ನೇ. ಈ ಸಲ ಮೆನುವಿನಲ್ಲಿ ಹೆಸರು ಬಂತು, ಆದರೆ ನಂಬಿಕೆಯ ಸಹಿ ಇಲ್ಲದ ಸಾಫ್ಟ್‌ವೇರನ್ನು ಬೂಟ್ ಆಗಲು ಬಿಡದ ಸೆಕ್ಯೂರ್ ಬೂಟ್ ತಡೆಯಿತು. ಅದನ್ನು ಆಫ್ ಮಾಡುವ ಮೊದಲು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದೆಯೇ ಎಂದು ವಿಚಾರಿಸಿದೆ. ಇದ್ದರೆ ಆ ಬೀಗ ತೆರೆಯುವ ರಿಕವರಿ ಕೀ ಕೈಯಲ್ಲಿರಲೇಬೇಕು. ಅವರ ಕಂಪ್ಯೂಟರಿನಲ್ಲಿ ಬಿಟ್‌ಲಾಕರ್ ಇರಲಿಲ್ಲ.

ಸಂಜೆ ಹೊತ್ತಿಗೆ ಮೊಮ್ಮಗಳ ಫೋಟೋಗಳೆಲ್ಲ ವಾಪಸ್ ಬಂದವು. ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿದೆ. ಪೆನ್‌ಡ್ರೈವಿಗೆ ತಾರೀಕು, ಬೋರ್ಡಿನ ಹೆಸರು ಬರೆದು ಅಂಟಿಸಿದೆ. ಆಮೇಲೆ ಮಾಸ್ತರರ ಕೈಯಲ್ಲೇ ಇನ್ನೊಂದು ಸಲ ಮೊದಲಿಂದ, ಸೆಕ್ಯೂರ್ ಬೂಟ್ ಆಫ್ ಮಾಡುವುದರಿಂದ ಹಿಡಿದು, ಪೆನ್‌ಡ್ರೈವಿನಿಂದ ಬೂಟ್ ಮಾಡಿಸಿದೆ. ಅವರು ಎಫ್12, ಸೆಕ್ಯೂರ್ ಬೂಟ್ ಎಂದು ಡೈರಿಯಲ್ಲಿ ಬರೆದುಕೊಂಡರು.